ವೃತ್ತ, ತ್ರಿಕೋನ, ಅಮೀಬಾ: ಅಮೂರ್ತ ಚಿತ್ರದ ಆಕಾರಗಳನ್ನು ಓದುವುದು ಹೇಗೆ?

ಅಮೂರ್ತ ಚಿತ್ರದ ಮುಂದೆ ನಿಂತವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ‘ಇದೇನು?’ ಅಂತ. ಉತ್ತರ ಸಿಗದಿದ್ದರೆ ಎರಡನೇ ಮಾತು, ‘ನಮಗಿದೆಲ್ಲ ಅರ್ಥ ಆಗಲ್ಲ ಬಿಡಿ’. ಅಷ್ಟು ಬೇಗ ಬಿಡಬೇಡಿ. ಪ್ರಶ್ನೆಯನ್ನು ಸ್ವಲ್ಪ ಬದಲಿಸಿಕೊಳ್ಳಿ. ‘ಇದೇನು?’ ಅನ್ನುವ ಕಡೆ ‘ಇದು ಇಲ್ಲಿ ಏನು ಮಾಡ್ತಿದೆ?’ ಅಂತ ಕೇಳಿ ನೋಡಿ. ವೃತ್ತ ಕೂತಿದೆಯಾ, ತೇಲುತ್ತಿದೆಯಾ? ಗೆರೆ ಯಾವುದನ್ನಾದರೂ ತಿವಿಯುತ್ತಿದೆಯಾ? ಇಂಥ ಪ್ರಶ್ನೆಗೆ ಉತ್ತರ ಹೇಳಲು ಕಲಾ ಇತಿಹಾಸ ಓದಿರಬೇಕಾಗಿಲ್ಲ. ಕಣ್ಣು ಸಾಕು, ಅರ್ಧ ಗಂಟೆ ಸಮಯ ಸಾಕು.

ಇನ್ನೊಂದು ಸಿದ್ಧ ಸೂತ್ರವೂ ಚಾಲ್ತಿಯಲ್ಲಿದೆ. ಜ್ಯಾಮಿತಿಯ ಆಕಾರ ಅಂದರೆ ಬುದ್ಧಿ, ಶಿಸ್ತು, ತಣ್ಣನೆಯ ಲೆಕ್ಕಾಚಾರ. ಜೈವಿಕ ಆಕಾರ ಅಂದರೆ ಪ್ರಕೃತಿ, ಭಾವನೆ, ಸ್ವಾತಂತ್ರ್ಯ. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಒಳ್ಳೆಯ ಚಿತ್ರದ ಮುಂದೆ ಇದು ನಿಲ್ಲುವುದಿಲ್ಲ. ಅದನ್ನು ತೋರಿಸಲೆಂದೇ ಒಬ್ಬನೇ ಕಲಾವಿದನ ಎರಡು ಚಿತ್ರಗಳನ್ನು ಆರಿಸಿಕೊಂಡಿದ್ದೇನೆ. ಎರಡೂ ರಷ್ಯಾದಲ್ಲಿ ಹುಟ್ಟಿದ ವಾಸಿಲಿ ಕ್ಯಾಂಡಿನ್ಸ್ಕಿಯವು. ಒಂದು 1923ರ ‘ಕಂಪೊಸಿಷನ್ 8’, ಪೂರ್ತಿ ಸ್ಕೇಲು ಕೈವಾರದ ಲೋಕ. ಇನ್ನೊಂದು 1940ರ ‘ಸ್ಕೈ ಬ್ಲೂ’, ನೀಲಿಯಲ್ಲಿ ತೇಲುವ ವಿಚಿತ್ರ ಜೀವಿಗಳ ಲೋಕ.

ಶುರು ಮಾಡುವ ಮುನ್ನ

ಎರಡೂ ಚಿತ್ರ ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುತ್ತವೆ. ‘ಕಂಪೊಸಿಷನ್ 8’ ನ್ಯೂಯಾರ್ಕ್‌ನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿದೆ, ‘ಸ್ಕೈ ಬ್ಲೂ’ ಪ್ಯಾರಿಸ್‌ನ ಪಾಂಪಿಡು ಸೆಂಟರ್‌ನ ಸಂಗ್ರಹದಲ್ಲಿದೆ. ಸಾಧ್ಯವಾದರೆ ಮೊಬೈಲ್ ಬಿಟ್ಟು ದೊಡ್ಡ ಪರದೆಯಲ್ಲಿ ನೋಡಿ. ಮೊದಲನೆಯದರ ಅಳತೆ ಸುಮಾರು 140 x 201 ಸೆಂಟಿಮೀಟರ್. ಅಂದರೆ ಎದುರು ನಿಂತರೆ ಕೈ ಚಾಚಿದರೂ ಎರಡು ಅಂಚು ಮುಟ್ಟುವುದು ಕಷ್ಟ. ಅಂಗೈಯಗಲದ ಪರದೆಯಲ್ಲಿ ಅದು ಬರೀ ವಿನ್ಯಾಸವಾಗಿ ಕಾಣುತ್ತದೆ, ಅದರೊಳಗೆ ನಡೆಯುತ್ತಿರುವ ತಳ್ಳಾಟ ತಿಳಿಯುವುದಿಲ್ಲ. ಎರಡನೆಯದು ಚಿಕ್ಕದು, 100 x 73 ಸೆಂಟಿಮೀಟರ್, ಉದ್ದಕ್ಕೆ ನಿಂತ ಚಿತ್ರ.

ಜೊತೆಗೆ ಒಂದು ಪೆನ್ಸಿಲ್, ನಾಲ್ಕು ಖಾಲಿ ಹಾಳೆ ಇಟ್ಟುಕೊಳ್ಳಿ. ಕಲಾವಿದನ ಜೀವನಚರಿತ್ರೆ, ವಿಮರ್ಶಕರ ಮಾತು ಇವನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ಅವು ಬೇಕು, ಆದರೆ ಆರನೇ ಹಂತದಲ್ಲಿ. ಮೊದಲೇ ಓದಿಬಿಟ್ಟರೆ ಕಣ್ಣು ಹುಡುಕುವುದನ್ನು ನಿಲ್ಲಿಸಿ, ಓದಿದ್ದನ್ನೇ ಚಿತ್ರದಲ್ಲಿ ಟಿಕ್ ಹಾಕುತ್ತಾ ಹೋಗುತ್ತದೆ.

ಹಂತ 1: ಹೆಸರಿಡದೆ ನೋಡಿ

ಎರಡು ನಿಮಿಷ ಸುಮ್ನೆ ‘ಕಂಪೊಸಿಷನ್ 8’ ನೋಡಿ. ಮಾತು ಬೇಡ, ಅರ್ಥ ಬೇಡ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಎಲ್ಲಿ ಸಿಕ್ಕಿಹಾಕಿಕೊಂಡಿತು ಅನ್ನುವುದನ್ನಷ್ಟೇ ಗಮನಿಸಿ.

ಹೆಚ್ಚಿನವರ ಕಣ್ಣು ಹೋಗುವುದು ಎಡಗಡೆ ಮೇಲಿನ ಮೂಲೆಗೆ. ಅಲ್ಲೊಂದು ದೊಡ್ಡ ಕಪ್ಪು ವೃತ್ತ. ಅದರೊಳಗೆ ನೇರಳೆ ವೃತ್ತ. ಸುತ್ತ ಗುಲಾಬಿ ಬಣ್ಣದ ಪ್ರಭೆ. ಅಂಚಿಗೆ ಒಂದು ಚಿಕ್ಕ ಕೆಂಪು ಛಾಯೆಯ ವೃತ್ತ ತಗುಲಿಕೊಂಡಿದೆ. ಕಣ್ಣು ಅಲ್ಲಿಗೇ ಯಾಕೆ ಹೋಗುತ್ತದೆ? ಚಿತ್ರದಲ್ಲೇ ಅದು ಅತಿ ಗಾಢ, ದೊಡ್ಡದು, ಗುಂಪಿನಿಂದ ದೂರ. ಕಣ್ಣು ಅರೆ ಮುಚ್ಚಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸಣ್ಣ ವಿವರಗಳೆಲ್ಲ ಕರಗಿ, ಭಾರವಾದದ್ದು ಮಾತ್ರ ಉಳಿಯುತ್ತದೆ.

ಈಗ ಚಿತ್ರವನ್ನು ತಲೆಕೆಳಗು ಮಾಡಿ. ಇದು ತಮಾಷೆಯ ಆಟವಲ್ಲ, ಕ್ಯಾಂಡಿನ್ಸ್ಕಿಯ ಬದುಕಿನಲ್ಲೇ ನಡೆದದ್ದು. ಒಂದು ಸಂಜೆ ತನ್ನ ಸ್ಟುಡಿಯೋಗೆ ಬಂದಾಗ ಗೋಡೆಗೆ ಒರಗಿದ್ದ ಒಂದು ಚಿತ್ರ ಅವನಿಗೆ ಅದ್ಭುತವಾಗಿ ಕಂಡಿತು. ಅದರಲ್ಲಿ ಯಾವ ವಸ್ತುವೂ ಗುರುತು ಸಿಗಲಿಲ್ಲ, ಬರೀ ಆಕಾರ ಮತ್ತು ಬಣ್ಣ. ಹತ್ತಿರ ಹೋಗಿ ನೋಡಿದರೆ ಅದು ಅವನದೇ ಚಿತ್ರ, ಪಕ್ಕಕ್ಕೆ ಮಗುಚಿ ಇಟ್ಟಿದ್ದು. ಈ ಪ್ರಸಂಗವನ್ನು ಅವನು 1913ರ ನೆನಪಿನ ಬರಹದಲ್ಲಿ ಹೇಳಿಕೊಂಡಿದ್ದಾನೆ. ಅದಕ್ಕೂ ಮೊದಲು, ಮಾಸ್ಕೋದ ಒಂದು ಪ್ರದರ್ಶನದಲ್ಲಿ ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ ಬರೆದ ಹುಲ್ಲುಬಣವೆಯ ಚಿತ್ರ ನೋಡಿದಾಗಲೂ ಹೀಗೇ ಆಗಿತ್ತು. ಅದು ಬಣವೆ ಅಂತ ತಿಳಿದದ್ದು ಕ್ಯಾಟಲಾಗ್ ನೋಡಿದ ಮೇಲೆ. ಗುರುತು ಸಿಗದೆ ಕಸಿವಿಸಿಯಾಯಿತು, ಆದರೂ ಚಿತ್ರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಹಾಗಾಗಿ ‘ಗುರುತು ಸಿಗ್ತಿಲ್ಲ’ ಅನ್ನುವ ಕಸಿವಿಸಿ ನಿಮಗೆ ಬಂದರೆ ಸಂಕೋಚ ಬೇಡ. ಅಮೂರ್ತ ಚಿತ್ರಕಲೆಗೆ ದಾರಿ ಮಾಡಿದವರಲ್ಲಿ ಒಬ್ಬನಾದ ಅವನೂ ಅದೇ ಕಸಿವಿಸಿಯಿಂದ ಶುರು ಮಾಡಿದವನು.

ತಲೆಕೆಳಗಾದಾಗ ಏನು ಬದಲಾಯಿತು? ಆ ಕಪ್ಪು ವೃತ್ತ ಈಗ ಬಲಗಡೆ ಕೆಳಮೂಲೆಯಲ್ಲಿದೆ. ತೇಲುತ್ತಿದ್ದದ್ದು ಈಗ ಬಿದ್ದು ಕೂತಂತೆ ಕಾಣುತ್ತದೆ, ಅಲ್ವಾ? ಆಕಾರ ಅದೇ, ಜಾಗ ಬೇರೆ, ಕೆಲಸವೂ ಬೇರೆ. ಇದನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಹಂತ 2: ಪೆನ್ಸಿಲ್ ಹಿಡಿದು ವಿಂಗಡಿಸಿ

ಈಗ ಚಿತ್ರದ ಒರಟು ನಕ್ಷೆ ಹಾಕಿ. ಚೆಂದ ಬರಬೇಕು ಅಂತೇನಿಲ್ಲ. ಯಾವ ಆಕಾರ ಎಲ್ಲಿದೆ ಅನ್ನುವುದು ಗೊತ್ತಾದರೆ ಸಾಕು. ಕೈ ಓಡಿದಾಗ ಕಣ್ಣು ನಿಧಾನವಾಗುತ್ತದೆ. ಈ ಹಂತದ ನಿಜವಾದ ಲಾಭ ಅದು.

ಜ್ಯಾಮಿತಿಯ ಆಕಾರ ಯಾವುದು, ಜೈವಿಕ ಯಾವುದು ಅಂತ ತೀರ್ಮಾನಿಸಲು ಒಂದು ಸರಳ ಪರೀಕ್ಷೆ ಇದೆ. ಆ ಆಕಾರವನ್ನು ಫೋನಿನಲ್ಲಿ ಇನ್ನೊಬ್ಬರಿಗೆ ಹೇಳಿ ಬರೆಸಬಹುದಾ ಅಂತ ಯೋಚಿಸಿ. ‘ಮೂರು ಸೆಂಟಿಮೀಟರ್ ಅಡ್ಡಳತೆಯ ವೃತ್ತ’ ಅಂದರೆ ಆ ಕಡೆಯವರು ಬರೆದುಬಿಡುತ್ತಾರೆ. ‘ಒಂದು ಕಡೆ ಉಬ್ಬಿ, ನಡುವೆ ಸೊಂಟದ ಹಾಗೆ ಕಿರಿದಾಗಿ, ತುದಿಯಲ್ಲಿ ಬಾಲದಂತೆ ತಿರುಗಿದ್ದು’ ಅಂದರೆ ಹತ್ತು ಜನ ಹತ್ತು ಥರ ಬರೆಯುತ್ತಾರೆ. ಮೊದಲನೆಯದು ನಿಯಮದಿಂದ ಹುಟ್ಟಿದ್ದು, ಎರಡನೆಯದು ಬೆಳೆದು ಆದದ್ದು. ನಿಯಮದಿಂದ ಹುಟ್ಟಿದ ಆಕಾರಕ್ಕೆ ಹಿಂದುಮುಂದಿನ ಕತೆ ಇರುವುದಿಲ್ಲ. ಬೆಳೆದ ಆಕಾರ ನೋಡಿದರೆ ‘ಇದು ಮೊದಲು ಹೇಗಿತ್ತು, ಇನ್ನು ಮುಂದೆ ಏನಾಗಬಹುದು’ ಅನ್ನಿಸುತ್ತದೆ.

‘ಕಂಪೊಸಿಷನ್ 8’ರಲ್ಲಿ ಫೋನಿನಲ್ಲಿ ಹೇಳಬಹುದಾದವೇ ಜಾಸ್ತಿ: ಬೇರೆ ಬೇರೆ ಗಾತ್ರದ ವೃತ್ತಗಳು, ಅರ್ಧವೃತ್ತಗಳು, ತ್ರಿಕೋನಗಳು, ಚೌಕಳಿ ಜಾಲಗಳು, ಉದ್ದುದ್ದದ ನೇರ ಗೆರೆಗಳು. ನಡುಭಾಗದಲ್ಲಿ ತುದಿ ಮೇಲೆ ಮಾಡಿ ನಿಂತ ಒಂದು ದೊಡ್ಡ ಕೋನ. ಆದರೆ ವೃತ್ತಗಳ ಸುತ್ತ ಇರುವ ಆ ಪ್ರಭೆಗಳನ್ನು ಯಾವ ಗುಂಪಿಗೆ ಹಾಕುತ್ತೀರಿ? ಅವಕ್ಕೆ ಗಟ್ಟಿ ಅಂಚಿಲ್ಲ. ಕೈವಾರದಲ್ಲಿ ಬರೆದ ವೃತ್ತದಿಂದ ಉಸಿರಿನ ಹಾಗೆ ಹೊರಬಂದು ಹಿನ್ನೆಲೆಯಲ್ಲಿ ಕರಗುತ್ತವೆ. ಇಂಥವನ್ನು ಮೂರನೇ ಗುಂಪಿನಲ್ಲಿಡಿ, ‘ನಡುವಿನವು’ ಅಂತ. ಬಹಳ ಸಲ ಚಿತ್ರದ ಜೀವ ಇರುವುದು ಈ ಮೂರನೇ ಗುಂಪಿನಲ್ಲಿ. ಎರಡೇ ಪೆಟ್ಟಿಗೆ ಇಟ್ಟುಕೊಂಡರೆ ಅದು ಕೈತಪ್ಪುತ್ತದೆ.

ಹಂತ 3: ಗೆರೆಯ ಹಿಂದಿನ ಬಲ ಹುಡುಕಿ

ಈ ಹಂತಕ್ಕೆ ಕ್ಯಾಂಡಿನ್ಸ್ಕಿಯೇ ಒಂದು ಉಪಕರಣ ಕೊಟ್ಟಿದ್ದಾನೆ. 1926ರಲ್ಲಿ ಅವನು ಬಿಂದು, ರೇಖೆ, ಸಮತಲಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಆಗ ಅವನು ಜರ್ಮನಿಯ ಬೌಹೌಸ್ ಅನ್ನುವ ಕಲೆ ಮತ್ತು ವಿನ್ಯಾಸದ ಶಾಲೆಯಲ್ಲಿ ಪಾಠ ಮಾಡುತ್ತಿದ್ದ. ಅದರ ಮುಖ್ಯ ವಿಚಾರ ಇಷ್ಟು: ಬಿಂದು ಅಂದರೆ ನಿಶ್ಚಲ. ಹೊರಗಿನ ಒಂದು ಬಲ ಅದನ್ನು ತಳ್ಳಿದರೆ ನೇರ ಗೆರೆ ಹುಟ್ಟುತ್ತದೆ. ಎರಡು ಬಲಗಳು ಸರದಿಯ ಮೇಲೆ ತಳ್ಳಿದರೆ ಅಂಕುಡೊಂಕು ಗೆರೆ. ಎರಡೂ ಒಟ್ಟಿಗೇ ತಳ್ಳಿದರೆ ಬಾಗಿದ ಗೆರೆ.

ಇದನ್ನು ಸಿದ್ಧಾಂತ ಅಂತ ನೋಡಬೇಡಿ, ನೋಡುವ ಅಭ್ಯಾಸ ಅಂತ ನೋಡಿ. ಚಿತ್ರದ ಯಾವುದಾದರೂ ಒಂದು ಗೆರೆ ಹಿಡಿಯಿರಿ. ಇದನ್ನು ಎತ್ತ ಕಡೆಯಿಂದ ತಳ್ಳಿದ್ದಾರೆ? ಎಲ್ಲಿ ನಿಂತಿತು? ಯಾಕೆ ಅಲ್ಲೇ ನಿಂತಿತು, ಏನಾದರೂ ಅಡ್ಡ ಬಂತಾ? ಬಾಗಿದ ಗೆರೆಯಾದರೆ ಎರಡರಲ್ಲಿ ಯಾವ ಬಲ ಜಾಸ್ತಿ?

ನಡುವಿನ ಆ ದೊಡ್ಡ ಕೋನವನ್ನೇ ತಗೊಳ್ಳಿ. ಎರಡು ಉದ್ದ ಗೆರೆಗಳು ಕೆಳಗೆ ಅಗಲವಾಗಿ ಕಾಲೂರಿ, ಮೇಲೆ ಚೂಪಾಗಿ ಸೇರುತ್ತವೆ. ಕೋನ ಚೂಪಾದಷ್ಟೂ ಚುರುಕು, ಅಗಲವಾದಷ್ಟೂ ಮಂದ ಅಂತ ಅವನ ಎಣಿಕೆ. ಅವನ ಲೆಕ್ಕದಲ್ಲಿ ಲಘುಕೋನಕ್ಕೆ ಹಳದಿಯ ಗುಣ, ಲಂಬಕೋನಕ್ಕೆ ಕೆಂಪಿನದು, ವಿಶಾಲಕೋನಕ್ಕೆ ನೀಲಿಯದು. ಈ ಜೋಡಣೆ ನಿಮಗೆ ಒಪ್ಪಿಗೆಯಾಗದಿದ್ದರೂ ಚಿಂತೆಯಿಲ್ಲ. ಕೋನ ಮೇಲಕ್ಕೆ ನುಗ್ಗುತ್ತಿದೆ ಅನ್ನುವುದಂತೂ ಕಣ್ಣಿಗೇ ಗೊತ್ತಾಗುತ್ತದೆ. ಅದರ ಮೇಲೆ ಹಾದುಹೋಗುವ ಗೆರೆಗಳನ್ನು ನೋಡಿ. ಅವು ಕೋನವನ್ನು ತಡೆಯುವುದಿಲ್ಲ, ಅದರೊಳಗಿಂದಲೇ ದಾಟಿಹೋಗುತ್ತವೆ. ಆಕಾರಗಳು ಒಂದರ ಮೇಲೊಂದು ಬಂದಲ್ಲೆಲ್ಲ ಬಣ್ಣ ಬದಲಾಗಿದೆ, ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಹಾಗಾಗಿ ಈ ಲೋಕದಲ್ಲಿ ಡಿಕ್ಕಿ ಇಲ್ಲ. ಎಲ್ಲವೂ ಒಂದರೊಳಗೊಂದು ಹಾಯ್ದು ಹೋಗುತ್ತವೆ.

ನಿಮ್ಮ ನಕ್ಷೆಯಲ್ಲಿ ಪ್ರತಿ ಮುಖ್ಯ ಆಕಾರದ ಪಕ್ಕ ಒಂದು ಕ್ರಿಯಾಪದ ಬರೆಯಿರಿ: ನುಗ್ಗುತ್ತದೆ, ಒರಗಿದೆ, ತೇಲುತ್ತದೆ, ಚುಚ್ಚುತ್ತದೆ, ಸುತ್ತುತ್ತದೆ, ಕಾಯುತ್ತದೆ. ನಾಮಪದ ಬೇಡ. ‘ಬೆಟ್ಟ’ ಅಂತ ಬರೆದ ಕೂಡಲೇ ಹುಡುಕಾಟ ಮುಗಿದುಹೋಗುತ್ತದೆ. ‘ಏರುತ್ತದೆ’ ಅಂತ ಬರೆದರೆ ‘ಎಲ್ಲಿಗೆ’ ಅನ್ನುವ ಪ್ರಶ್ನೆ ತಾನಾಗಿಯೇ ಬರುತ್ತದೆ.

ಹಂತ 4: ಹೆಬ್ಬೆರಳಿಟ್ಟು ತೂಕ ನೋಡಿ

ಅದೇ ಪುಸ್ತಕದಲ್ಲಿ ಅವನು ಕ್ಯಾನ್ವಾಸಿನ ನಾಲ್ಕು ಬದಿಗೂ ಬೇರೆ ಬೇರೆ ಗುಣ ಹೇಳುತ್ತಾನೆ. ಮೇಲ್ಭಾಗ ಹಗುರ, ಬಿಡುಬೀಸು. ಕೆಳಭಾಗ ದಟ್ಟ, ಭಾರ. ಎಡಕ್ಕೆ ಹೋಗುವುದು ದೂರದ ಕಡೆಗೆ ಹೊರಟಂತೆ, ಬಲಕ್ಕೆ ಬರುವುದು ಮನೆಯ ಕಡೆಗೆ ಮರಳಿದಂತೆ.

ಈಗ ‘ಕಂಪೊಸಿಷನ್ 8’ ನೋಡಿ. ಚಿತ್ರದಲ್ಲೇ ಅತಿ ಭಾರವಾದ ವೃತ್ತವನ್ನು ಅವನು ಇಟ್ಟಿರುವುದು ಎಲ್ಲಿ? ಮೇಲೆ, ಅದೂ ಎಡಗಡೆ. ಹಗುರವಾಗಿರಬೇಕಾದ, ದೂರದ ಕಡೆಗಿರುವ ಮೂಲೆಯಲ್ಲಿ. ಪರದೆಯ ಮೇಲೆ ಆ ವೃತ್ತವನ್ನು ಹೆಬ್ಬೆರಳಿನಿಂದ ಮುಚ್ಚಿ. ನನ್ನ ಕಣ್ಣಿಗೆ ಆಗುವುದು ಹೀಗೆ: ಗೆರೆಗಳು, ಜಾಲಗಳು, ಅರ್ಧವೃತ್ತಗಳ ಗುಂಪೆಲ್ಲ ಬಲಕ್ಕೆ ವಾಲುತ್ತದೆ, ಕೋನದ ತುದಿಗೆ ಎದುರಾಳಿ ಇಲ್ಲದಂತಾಗುತ್ತದೆ. ಬೆರಳು ತೆಗೆದರೆ ಮತ್ತೆ ಎಲ್ಲ ನೆಟ್ಟಗಾಗುತ್ತದೆ. ಅಷ್ಟೊಂದು ಆಕಾರಗಳ ಗುಂಪನ್ನು ಒಂದೇ ವೃತ್ತ ಎದುರು ನಿಂತು ಹಿಡಿದಿಟ್ಟಿದೆ.

ಬೇರೆ ಆಕಾರಗಳನ್ನೂ ಒಂದೊಂದಾಗಿ ಮುಚ್ಚಿ ನೋಡಿ. ಕೆಲವನ್ನು ಮುಚ್ಚಿದರೆ ಏನೂ ಆಗುವುದಿಲ್ಲ. ಕೆಲವನ್ನು ಮುಚ್ಚಿದರೆ ಚಿತ್ರವೇ ಕುಸಿಯುತ್ತದೆ. ಕುಸಿಯುವಂತೆ ಮಾಡುವವೇ ನಿಮ್ಮ ಓದಿನ ಆಧಾರಗಳು. ಯಾವ ಪುಸ್ತಕವನ್ನೂ ತೆರೆಯದೆ ಚಿತ್ರದ ಬಗ್ಗೆ ಗಟ್ಟಿಯಾದ ಮಾತು ಹೇಳಲು ನನಗೆ ಗೊತ್ತಿರುವ ಅತ್ಯುತ್ತಮ ದಾರಿ ಇದು.

ಹಂತ 5: ಆಕಾರದ ಜೊತೆ ಬಣ್ಣ ಕೇಳಿ

ಬೌಹೌಸ್‌ನಲ್ಲಿ ಕ್ಯಾಂಡಿನ್ಸ್ಕಿ ಒಂದು ಪ್ರಶ್ನಾವಳಿ ಹಂಚಿದ್ದ. ತ್ರಿಕೋನ, ಚೌಕ, ವೃತ್ತ ಮೂರಕ್ಕೂ ಹಳದಿ, ಕೆಂಪು, ನೀಲಿಯಲ್ಲಿ ತಕ್ಕ ಬಣ್ಣ ತುಂಬಬೇಕು. ಅವನ ಉತ್ತರ ಹೀಗಿತ್ತು: ಚೂಪಾದ ತ್ರಿಕೋನಕ್ಕೆ ಹಳದಿ, ಚೌಕಕ್ಕೆ ಕೆಂಪು, ವೃತ್ತಕ್ಕೆ ನೀಲಿ. ಹಳದಿ ನೋಡುವವರ ಕಡೆಗೆ ಮುನ್ನುಗ್ಗುತ್ತದೆ, ನೀಲಿ ತನ್ನೊಳಕ್ಕೇ ಸರಿಯುತ್ತದೆ ಅನ್ನುವುದು ಅವನ ಅನುಭವ.

ಇದನ್ನು ನಿಘಂಟಿನ ಹಾಗೆ ಬಳಸಿದರೆ ಕೆಟ್ಟಿತು. ಚಿತ್ರದ ಮುಖ್ಯ ವೃತ್ತದಲ್ಲಿ ನೀಲಿ ಎಲ್ಲಿದೆ? ಕಪ್ಪು, ನೇರಳೆ, ಗುಲಾಬಿ. ತನ್ನ ನಿಯಮವನ್ನು ತಾನೇ ಮುರಿದಿದ್ದಾನೆ. ನೀಲಿ ಸಿಗುವುದು ಕೋನದೊಳಗೆ. ಮುನ್ನುಗ್ಗುವ ಆಕಾರಕ್ಕೆ ಹಿಂದಕ್ಕೆ ಸರಿಯುವ ಬಣ್ಣ! ಮೇಲಕ್ಕೆ ಏರುತ್ತಿದ್ದರೂ ಆ ಕೋನ ನಮ್ಮ ಮೈಮೇಲೆ ಬರುವುದಿಲ್ಲ, ಆಕಾಶದಷ್ಟು ದೂರದಲ್ಲೇ ಉಳಿಯುತ್ತದೆ. ಯಾಕೆ ಅಂತ ಈಗ ಗೊತ್ತಾಯಿತಲ್ಲ? ಆಕಾರ ಒಂದು ಹೇಳಿ ಬಣ್ಣ ಇನ್ನೊಂದು ಹೇಳುವ ಇಂಥ ಜಾಗ ಸಿಕ್ಕರೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಿ.

ಮನೆಯಲ್ಲಿ ಮಕ್ಕಳಿದ್ದರೆ ಆ ಪ್ರಶ್ನಾವಳಿಯನ್ನು ಅವರ ಕೈಗೆ ಕೊಟ್ಟು ನೋಡಿ. ಉತ್ತರಗಳು ಬೇರೆ ಬೇರೆ ಬರುತ್ತವೆ. ಆಮೇಲೆ ‘ಯಾಕೆ?’ ಅಂತ ಕೇಳಿ. ಅಲ್ಲಿಂದ ಶುರುವಾಗುವ ಮಾತೇ ಚಿತ್ರದ ಬಗೆಗಿನ ಒಳ್ಳೆಯ ಮಾತು.

ಹಂತ 6: ಈಗ ಇತಿಹಾಸ ತೆರೆಯಿರಿ

ಇಲ್ಲಿಯವರೆಗೆ ಬರೆದುಕೊಂಡದ್ದನ್ನು ಕೈಯಲ್ಲಿಟ್ಟುಕೊಂಡು ಈಗ ಓದಿ. ಕ್ಯಾಂಡಿನ್ಸ್ಕಿ ಹುಟ್ಟಿದ್ದು 1866ರಲ್ಲಿ ಮಾಸ್ಕೋದಲ್ಲಿ. ಕಾನೂನು, ಅರ್ಥಶಾಸ್ತ್ರ ಓದಿದವನು. 1896ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಎಲ್ಲ ಬಿಟ್ಟು ಚಿತ್ರ ಕಲಿಯಲು ಮ್ಯೂನಿಕ್‌ಗೆ ಹೋದ. ಮೊದಲ ಮಹಾಯುದ್ಧ ಶುರುವಾದಾಗ ರಷ್ಯಾಕ್ಕೆ ಮರಳಬೇಕಾಯಿತು. 1921ರವರೆಗೆ ಅಲ್ಲಿದ್ದ.

ಯುದ್ಧಕ್ಕೆ ಮುಂಚಿನ ಅವನ ಚಿತ್ರಗಳಲ್ಲಿ ಕೈವಾರವಿಲ್ಲ. 1913ರ ‘ಕಂಪೊಸಿಷನ್ 7’ ನೋಡಿ, ಬಣ್ಣದ ಬಿರುಗಾಳಿ. ಯುದ್ಧದ ವರ್ಷಗಳಲ್ಲಿ ಅವನು ಮರಳಿದ ರಷ್ಯಾದಲ್ಲಿ ಕಲಾವಿದ ಮಲೆವಿಚ್ ಚೌಕಗಳನ್ನು ಬರೆಯುತ್ತಿದ್ದ, ಇನ್ನೊಬ್ಬ ಕಲಾವಿದ ರೊಡ್ಚೆಂಕೊ ಸ್ಕೇಲು ಕೈವಾರ ಹಿಡಿದಿದ್ದ. ಕ್ಯಾಂಡಿನ್ಸ್ಕಿ ಅವರ ಆಕಾರಗಳನ್ನು ತೆಗೆದುಕೊಂಡ, ಅವರ ನಂಬಿಕೆಗಳನ್ನು ತೆಗೆದುಕೊಳ್ಳಲಿಲ್ಲ. ಕಲೆಯನ್ನು ಕಟ್ಟಡ, ಯಂತ್ರ, ಉತ್ಪಾದನೆಯ ಕಡೆಗೆ ಒಯ್ಯಬೇಕು ಅನ್ನುತ್ತಿದ್ದ ಕಿರಿಯರಿಗೆ ಇವನ ಒಳಮನಸ್ಸಿನ ಮಾತು ಹಿಡಿಸಲಿಲ್ಲ. 1922ರಲ್ಲಿ ಬೌಹೌಸ್ ಸೇರಿದ. ಮರುವರ್ಷ ‘ಕಂಪೊಸಿಷನ್ 8’ ಬಂತು. ‘ಕಂಪೊಸಿಷನ್’ ಅನ್ನುವ ಹೆಸರನ್ನು ಅವನು ಬೇಕಾಬಿಟ್ಟಿ ಬಳಸಿದವನಲ್ಲ. ಸಂಗೀತದಿಂದ ತೆಗೆದುಕೊಂಡ ಈ ಹೆಸರನ್ನು 1910ರಿಂದ 1939ರವರೆಗೆ ಹತ್ತೇ ಚಿತ್ರಗಳಿಗೆ ಕೊಟ್ಟ.

ಇಲ್ಲಿ ಆ ಸಿದ್ಧ ಸೂತ್ರ ಮೊದಲ ಸಲ ಮುರಿಯುತ್ತದೆ. ವೃತ್ತ ಅಂದರೆ ಅವನಿಗೆ ತಣ್ಣನೆಯ ಲೆಕ್ಕವಾಗಿರಲಿಲ್ಲ. ಒಂದು ಕಾಲಕ್ಕೆ ಕುದುರೆಯನ್ನು, ಕುದುರೆ ಸವಾರನನ್ನು ಹೇಗೆ ಪ್ರೀತಿಸಿದ್ದನೋ ಈಗ ವೃತ್ತವನ್ನು ಹಾಗೇ ಪ್ರೀತಿಸುತ್ತೇನೆ ಅನ್ನುವ ಅರ್ಥದ ಮಾತು ಬರೆದಿದ್ದಾನೆ. ಒಳಕ್ಕೆ ಸೆಳೆಯುವ ಬಲ, ಹೊರಕ್ಕೆ ಹರಡುವ ಬಲ ಎರಡೂ ಒಂದೇ ಆಕಾರದಲ್ಲಿ ಸಮವಾಗಿ ನಿಲ್ಲುವುದು ವೃತ್ತದಲ್ಲಿ ಅನ್ನುವುದು ಅವನ ವಿವರಣೆ. ಇದನ್ನು ಓದಿದ ಮೇಲೆ ಆ ಕಪ್ಪು ವೃತ್ತವನ್ನೂ ಅದರ ಗುಲಾಬಿ ಪ್ರಭೆಯನ್ನೂ ಮತ್ತೆ ನೋಡಿ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಬೆಚ್ಚಗೆ ಕಾಣುವುದು ಅದೇ. ಕೈವಾರದಿಂದ ಬರೆದದ್ದೇ ಅತ್ಯಂತ ಭಾವುಕವಾದ ಆಕಾರ!

ಹಂತ 7: ಜೈವಿಕ ಆಕಾರಕ್ಕೆ ಬೇರೆ ಪ್ರಶ್ನೆ ಕೇಳಿ

ಈಗ ‘ಸ್ಕೈ ಬ್ಲೂ’ ತೆರೆಯಿರಿ. ಚುಕ್ಕೆ ಚುಕ್ಕೆಯಾಗಿ ಹರಡಿದ ತಿಳಿನೀಲಿ ಹಿನ್ನೆಲೆ. ಅದರ ತುಂಬ ಬಣ್ಣಬಣ್ಣದ ಸಣ್ಣ ಜೀವಿಗಳು. ಒಂದು ಆಮೆಯಂತಿದೆ, ಇನ್ನೊಂದು ಹುಳದಂತೆ, ಮತ್ತೊಂದು ಗಾಳಿಪಟಕ್ಕೆ ಕಾಲು ಬಂದಂತೆ. ಇಲ್ಲಿ ಹೆಸರಿಡದೆ ಇರುವುದು ಕಷ್ಟ, ಕಷ್ಟಪಡಬೇಡಿ. ಆದರೆ ‘ಆಮೆ’ ಅನ್ನದೆ ‘ಆಮೆಯ ಹಾಗೆ’ ಅನ್ನಿ. ಆಮೇಲೆ ಎಲ್ಲೆಲ್ಲಿ ಆಮೆಯ ಹಾಗಿಲ್ಲ ಅಂತ ಹುಡುಕಿ. ನೋಟ ಸೂಕ್ಷ್ಮವಾಗುವುದು ಆ ಹುಡುಕಾಟದಲ್ಲಿ.

ಜ್ಯಾಮಿತಿಯ ಆಕಾರಕ್ಕೆ ಬಲ, ದಿಕ್ಕು, ತೂಕ ಕೇಳಿದೆವು. ಜೈವಿಕ ಆಕಾರಕ್ಕೆ ಕೇಳಬೇಕಾದದ್ದು ಬೇರೆ. ಮೊದಲನೆಯದು, ಇದಕ್ಕೆ ತಲೆ ಯಾವ ಕಡೆ, ಬಾಲ ಯಾವ ಕಡೆ? ತಲೆ ಇದೆ ಅನ್ನಿಸಿದರೆ ಅದಕ್ಕೊಂದು ಇಚ್ಛೆ ಇದೆ ಅಂತಲೂ ಅನ್ನಿಸುತ್ತದೆ. ಎರಡನೆಯದು, ಎರಡೂ ಪಕ್ಕ ಒಂದೇ ಥರ ಇದೆಯಾ? ಜೀವಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಎಲ್ಲಿ ಇಲ್ಲವೋ ಅಲ್ಲಿ ಕಲಾವಿದ ಬೇಕೆಂದೇ ಕೆಡಿಸಿದ್ದಾನೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಒಳಗು ಹೊರಗು ಬೇರೆ ಬೇರೆಯಾಗಿದೆಯಾ? ವೃತ್ತದ ಗೆರೆ ಬರೀ ಗಡಿ. ಜೀವಿಯ ಅಂಚು ಚರ್ಮ, ಅದರೊಳಗೆ ಏನೋ ನಡೆಯುತ್ತಿರುತ್ತದೆ.

ಒಳಗೆ ಏನು ನಡೆಯುತ್ತಿದೆ ಅಂತ ದೊಡ್ಡದು ಮಾಡಿ ನೋಡಿ. ಪಟ್ಟೆಗಳು, ಚೌಕಳಿಗಳು, ಸಣ್ಣ ತ್ರಿಕೋನಗಳು, ಚುಕ್ಕೆಗಳು. ಬೌಹೌಸ್ ಕಾಲದ ಜ್ಯಾಮಿತಿ ಎಲ್ಲಿಗೂ ಹೋಗಿಲ್ಲ, ಜೀವಿಗಳ ಹೊಟ್ಟೆಯೊಳಗೆ ಸೇರಿಕೊಂಡಿದೆ. ‘ಕಂಪೊಸಿಷನ್ 8’ರಲ್ಲಿ ಗಟ್ಟಿ ಆಕಾರದ ಹೊರಗೆ ಮೆದುವಾದ ಪ್ರಭೆ ಇತ್ತು. ಇಲ್ಲಿ ಮೆದು ಆಕಾರದ ಒಳಗೆ ಗಟ್ಟಿ ವಿನ್ಯಾಸ ಇದೆ.

ಇನ್ನು ಜಾಗ. ಇಲ್ಲಿ ನೆಲವಿಲ್ಲ, ದಿಗಂತವಿಲ್ಲ, ಹೆಚ್ಚುಕಡಿಮೆ ಯಾವುದೂ ಇನ್ನೊಂದನ್ನು ಮುಟ್ಟುವುದಿಲ್ಲ. ಹೆಬ್ಬೆರಳಿನ ಪರೀಕ್ಷೆ ಮಾಡಿ. ಯಾವ ಜೀವಿಯನ್ನು ಮುಚ್ಚಿದರೂ ಚಿತ್ರ ಕುಸಿಯುವುದಿಲ್ಲ. ಮೊದಲ ಚಿತ್ರದಲ್ಲಿ ಒಂದು ವೃತ್ತ ಎಲ್ಲವನ್ನೂ ಹಿಡಿದಿತ್ತು. ಇಲ್ಲಿ ಯಾರೂ ಯಾರನ್ನೂ ಹಿಡಿದಿಲ್ಲ.

ಈ ಜೀವಿಗಳು ಎಲ್ಲಿಂದ ಬಂದವು? ನಾಜಿಗಳ ಒತ್ತಡದಿಂದ ಬೌಹೌಸ್ 1933ರಲ್ಲಿ ಮುಚ್ಚಿತು. ಅದೇ ವರ್ಷದ ಕೊನೆಯಲ್ಲಿ ಕ್ಯಾಂಡಿನ್ಸ್ಕಿ ಪ್ಯಾರಿಸ್ ಪಕ್ಕದ ನ್ಯೂಯಿಗೆ ಹೋದ. ಅಲ್ಲಿ ಆರ್ಪ್, ಮಿರೊ ಮುಂತಾದ ಕಲಾವಿದರು ಆಗಲೇ ಇಂಥ ಮೆದು ಆಕಾರಗಳಲ್ಲಿ ಕೆಲಸ ಮಾಡುತ್ತಿದ್ದರು. ಆದರೆ ಅವನಿಗೆ ಇನ್ನೊಂದು ಮೂಲವೂ ಇತ್ತು: ಜೀವಶಾಸ್ತ್ರದ ಪುಸ್ತಕಗಳ ಚಿತ್ರಪಟಗಳು. ಸೂಕ್ಷ್ಮದರ್ಶಕದ ಕೆಳಗಿನ ಜೀವಿಗಳು, ಭ್ರೂಣದ ಬೆಳವಣಿಗೆಯ ಹಂತಗಳು, ಲಾರ್ವಾಗಳು. ಇವನ್ನು ಅವನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಜರ್ಮನ್ ಜೀವಶಾಸ್ತ್ರಜ್ಞ ಅರ್ನ್ಸ್ಟ್ ಹೆಕೆಲ್ 1904ರ ಹೊತ್ತಿಗೆ ಪೂರ್ಣಗೊಳಿಸಿದ, ಪ್ರಕೃತಿಯ ಕಲಾರೂಪಗಳ ಚಿತ್ರಸಂಪುಟ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಿ. ಆ ಲೋಕದ ನಂಟು ಕಣ್ಣಿಗೇ ಕಾಣುತ್ತದೆ.

ಸೂತ್ರ ಎರಡನೇ ಸಲ ಮುರಿಯುವುದು ಇಲ್ಲಿ. ‘ಪ್ರಕೃತಿಯಿಂದ ಬಂದ, ಸ್ವಚ್ಛಂದ’ ಅಂತ ನಾವು ಅಂದುಕೊಳ್ಳುವ ಆಕಾರಗಳು ಪ್ರಯೋಗಾಲಯದಿಂದ, ಅಚ್ಚಾದ ವಿಜ್ಞಾನ ಗ್ರಂಥಗಳಿಂದ ಬಂದವು. ‘ಲೆಕ್ಕದ ಆಕಾರ’ ಅಂದುಕೊಂಡ ವೃತ್ತ ಪ್ರೀತಿಯಿಂದ ಬಂತು. 1936ರಲ್ಲಿ ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಅದರ ನಿರ್ದೇಶಕ ಆಲ್ಫ್ರೆಡ್ ಬಾರ್ ಅಮೂರ್ತ ಕಲೆಯ ದೊಡ್ಡ ಪ್ರದರ್ಶನ ಮಾಡಿದಾಗ ಅಮೂರ್ತ ಕಲೆಯನ್ನು ಎರಡು ಧಾರೆಯಾಗಿ ವಿಂಗಡಿಸಿದರು. ಒಂದು ಕಡೆ ಚೌಕ, ಎದುರಿಗೆ ಅಮೀಬಾ ಅನ್ನುವ ಚಿತ್ರಣ ಅವರದೇ. ಆ ವಿಂಗಡಣೆ ಇವತ್ತಿಗೂ ಉಪಯುಕ್ತ. ಎರಡು ಧಾರೆಗಳಿಗೆ ಹೆಸರು ಕೊಡುತ್ತದೆ. ಆದರೆ ಒಬ್ಬನೇ ಕಲಾವಿದ ಎರಡರಲ್ಲೂ ಈಜಿದಾಗ ಏನಾಗುತ್ತದೆ ಅನ್ನುವುದನ್ನು ಚಿತ್ರದ ಮುಂದೆ ನಿಂತೇ ನೋಡಬೇಕು.

ತಾರೀಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ‘ಸ್ಕೈ ಬ್ಲೂ’ ಬರೆದದ್ದು 1940ರ ಮಾರ್ಚ್‌ನಲ್ಲಿ. ಜೂನ್‌ನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ ಹೊಕ್ಕಿತು. ಅದಕ್ಕೂ ಮೊದಲು, 1937ರಲ್ಲಿ, ನಾಜಿಗಳು ಜರ್ಮನಿಯ ಮ್ಯೂಸಿಯಂಗಳಿಂದ ಅವನ ಹತ್ತಾರು ಚಿತ್ರಗಳನ್ನು ಕಿತ್ತುಕೊಂಡಿದ್ದರು. ಇದನ್ನು ತಿಳಿದ ಕೂಡಲೇ ‘ಯುದ್ಧದಿಂದ ತಪ್ಪಿಸಿಕೊಳ್ಳಲು ಆಕಾಶಕ್ಕೆ ಹಾರಿದ’ ಅಂತ ಬರೆಯುವ ಆಸೆ ಆಗುತ್ತದೆ. ತಡೆಯಿರಿ. ಚಿತ್ರದಲ್ಲಿ ಅದಕ್ಕೆ ಆಧಾರ ಏನಿದೆ ಅಂತ ಕೇಳಿಕೊಳ್ಳಿ. ನೆಲವಿಲ್ಲ ಅನ್ನುವುದು ಆಧಾರ. ಜೀವಿಗಳು ಒಂದರಿಂದೊಂದು ದೂರ ಇವೆ ಅನ್ನುವುದೂ ಆಧಾರ. ಆದರೆ ಅವುಗಳ ಬಣ್ಣದಲ್ಲಿ, ನಡೆಯಲ್ಲಿ ಭಯ ಇಲ್ಲ. ಈ ಮೂರನ್ನೂ ಒಟ್ಟಿಗೆ ಹೇಳಿದರೆ ನಿಮ್ಮ ಮಾತು ನಿಲ್ಲುತ್ತದೆ. ಒಂದನ್ನೇ ಹಿಡಿದು ಉಳಿದದ್ದು ಬಿಟ್ಟರೆ ಬೀಳುತ್ತದೆ.

ಹಂತ 8: ಬರೆಯಿರಿ, ಬರೆದದ್ದನ್ನು ಜಗ್ಗಿ ನೋಡಿ

ಓದು ಮುಗಿದದ್ದು ಗೊತ್ತಾಗುವುದು ಬರೆದಾಗಲೇ. ಕಂಡದ್ದು ಏನು, ಅದು ಏನು ಮಾಡುತ್ತದೆ, ಅದರಿಂದ ನನಗೆ ಏನನ್ನಿಸಿತು, ಈ ಕ್ರಮದಲ್ಲಿ ನಾಲ್ಕೈದು ವಾಕ್ಯ ಸಾಕು. ‘ಕಂಪೊಸಿಷನ್ 8’ರ ಬಗ್ಗೆ ನನ್ನ ಟಿಪ್ಪಣಿ ಹೀಗಿದೆ:

‘ಎಡ ಮೇಲ್ಮೂಲೆಯ ಕಪ್ಪು ವೃತ್ತ ಚಿತ್ರದ ಅತಿ ಭಾರದ ಆಕಾರ, ಆದರೂ ಬೀಳುವುದಿಲ್ಲ. ಅದರ ಪ್ರಭೆಗೆ ಗಡಿ ಇಲ್ಲದ್ದರಿಂದ ಭಾರ ಹಿನ್ನೆಲೆಗೆ ಹರಡಿಹೋಗುತ್ತದೆ. ಎದುರಿಗೆ ನೀಲಿ ಕೋನ ಏರುತ್ತದೆ, ಆದರೆ ಬಣ್ಣ ಅದನ್ನು ದೂರದಲ್ಲೇ ಉಳಿಸುತ್ತದೆ. ಹೀಗೆ ಭಾರವಾದದ್ದು ತೇಲುತ್ತದೆ, ಚೂಪಾದದ್ದು ಚುಚ್ಚುವುದಿಲ್ಲ. ನಾನು ಇದನ್ನು ಜಗಳವಿಲ್ಲದ ಎದುರಾಟ ಅಂತ ಓದುತ್ತೇನೆ.’

ನೀವು ಬರೆದ ಪ್ರತಿ ವಾಕ್ಯಕ್ಕೂ ‘ಎಲ್ಲಿ? ತೋರಿಸು’ ಅಂತ ಕೇಳಿ. ಬೆರಳಿಟ್ಟು ತೋರಿಸಲು ಆಗದ ವಾಕ್ಯ ತೆಗೆದುಹಾಕಿ. ‘ಈ ಚಿತ್ರ ಮನುಷ್ಯನ ಅಸ್ತಿತ್ವದ ಹುಡುಕಾಟವನ್ನು ಬಿಂಬಿಸುತ್ತದೆ’ ಅನ್ನುವುದನ್ನು ಯಾವ ಚಿತ್ರದ ಕೆಳಗೂ ಅಂಟಿಸಬಹುದು. ಅದಕ್ಕೇ ಅದು ಯಾವ ಚಿತ್ರದ ಬಗ್ಗೆಯೂ ಏನೂ ಹೇಳುವುದಿಲ್ಲ.

ನಮ್ಮ ಕಣ್ಣಿನ ಬಗ್ಗೆ ಒಂದು ಮಾತು

ವೃತ್ತ, ಬಿಂದು, ತ್ರಿಕೋನ ಕಂಡ ಕೂಡಲೇ ನಮಗೆ ಮಂಡಲ, ಯಂತ್ರ, ರಂಗೋಲಿ ನೆನಪಾಗುವುದು ಸಹಜ. ನೆನಪಾಗಲಿ. ‘ನನಗೆ ರಂಗೋಲಿಯ ನೆನಪಾಯಿತು’ ಅನ್ನುವುದು ಪ್ರಾಮಾಣಿಕ ಮಾತು. ‘ಕ್ಯಾಂಡಿನ್ಸ್ಕಿ ಬಿಂದುವಿನ ತತ್ವ ಹೇಳುತ್ತಿದ್ದಾನೆ’ ಅನ್ನುವುದು ಬೇರೆ ಮಾತು, ಅದಕ್ಕೆ ಪುರಾವೆ ಬೇಕು. ಭಾರತೀಯ ಚಿತ್ರಕಾರ ಎಸ್. ಎಚ್. ರಜಾ ಅವರ ಚಿತ್ರಗಳಲ್ಲಿ ಆ ಓದು ಸರಿ. ಮಧ್ಯಪ್ರದೇಶದಲ್ಲಿ ಬೆಳೆದು 1950ರಲ್ಲಿ ಫ್ರಾನ್ಸ್‌ಗೆ ಹೋದ ಅವರು ತಮ್ಮ ಕಪ್ಪು ವೃತ್ತವನ್ನು ಬಿಂದು ಅಂತಲೇ ಕರೆದರು, ಅದರ ಬಗ್ಗೆ ಮತ್ತೆ ಮತ್ತೆ ಮಾತಾಡಿದರು. ಎರಡೂ ಕಪ್ಪು ವೃತ್ತಗಳೇ. ರಜಾ ಅವರದು ಚಿತ್ರದ ಮೂಲವಾಗಿ ನಿಂತು, ಉಳಿದದ್ದು ಅದರಿಂದ ಹೊರಟಂತೆ ಕಾಣುತ್ತದೆ. ಕ್ಯಾಂಡಿನ್ಸ್ಕಿಯದು ಮೂಲೆಯಲ್ಲಿ ನಿಂತು ಎಲ್ಲವನ್ನೂ ಎದುರಿಸುತ್ತದೆ. ಕೆಲಸ ನೋಡಿದರೆ ವ್ಯತ್ಯಾಸ ಕಾಣುತ್ತದೆ, ಆಕಾರ ಮಾತ್ರ ನೋಡಿದರೆ ಕಾಣುವುದಿಲ್ಲ.

ಅಂದಹಾಗೆ, ಕ್ಯಾಂಡಿನ್ಸ್ಕಿಯ ಕೃತಿಗಳು ಭಾರತಕ್ಕೆ ಬಂದದ್ದು ಇತ್ತೀಚೆಗಲ್ಲ. 1922ರ ಡಿಸೆಂಬರ್‌ನಲ್ಲಿ, ‘ಕಂಪೊಸಿಷನ್ 8’ ಹುಟ್ಟುವ ಮೊದಲೇ, ಕಲ್ಕತ್ತದಲ್ಲಿ ಬೌಹೌಸ್ ಕಲಾವಿದರ ಪ್ರದರ್ಶನ ನಡೆದಿತ್ತು. ಕ್ಲೇ, ಕ್ಯಾಂಡಿನ್ಸ್ಕಿ ಇಬ್ಬರ ಕೃತಿಗಳೂ ಅಲ್ಲಿದ್ದವು.

ಎಲ್ಲಿ ಅಭ್ಯಾಸ ಮಾಡಬಹುದು?

ಪರದೆಯ ಮೇಲೆ ಕಲಿತದ್ದನ್ನು ನಿಜವಾದ ಕ್ಯಾನ್ವಾಸಿನ ಮುಂದೆ ಪರೀಕ್ಷಿಸಬೇಕು. ಬೆಂಗಳೂರಿನವರಿಗೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. ಅಲ್ಲಿ ಹೋದಾಗ ಎಲ್ಲ ಚಿತ್ರ ನೋಡುವ ಆತುರ ಬೇಡ. ಒಂದನ್ನೇ ಆರಿಸಿ, ಮೊದಲು ದೂರದಿಂದ ನೋಡಿ, ಆಮೇಲೆ ಹತ್ತಿರ ಹೋಗಿ. ಹತ್ತಿರದಿಂದ ಅಂಚುಗಳನ್ನು ನೋಡುತ್ತಾ ಕೇಳಿ: ಈ ಗೆರೆ ಸ್ಕೇಲಿನದೋ ಕೈಯದೋ, ಬಣ್ಣ ಗೆರೆಯ ಒಳಗೇ ನಿಂತಿದೆಯೋ ಹೊರಗೆ ಚೆಲ್ಲಿದೆಯೋ. ಹೆಬ್ಬೆರಳಿನ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ದೂರದಿಂದಲೇ ಆಕಾರವನ್ನು ಮರೆಮಾಡಿ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗುವವರಿಗೆ ಇನ್ನೊಂದು ಅವಕಾಶ ಇದೆ. ಅಲ್ಲಿ ಚಿತ್ರದ ಪಕ್ಕದಲ್ಲೇ ಕಲಾವಿದರು ಕೂತಿರುತ್ತಾರೆ. ‘ಇದರ ಅರ್ಥ ಏನು ಸಾರ್?’ ಅಂತ ಕೇಳಿದರೆ ದಿನವಿಡೀ ಹೇಳಿ ಹೇಳಿ ಸಾಕಾದ ಉತ್ತರ ಬರುತ್ತದೆ. ‘ಇದರಲ್ಲಿ ಯಾವ ಆಕಾರ ಮೊದಲು ಹಾಕಿದ್ರಿ? ಯಾವುದನ್ನು ಅಳಿಸಿದ್ರಿ?’ ಅಂತ ಕೇಳಿ. ಹೆಚ್ಚಿನವರು ಕುರ್ಚಿಯಿಂದ ಎದ್ದು ಬಂದು ಬೆರಳಿಟ್ಟು ತೋರಿಸುತ್ತಾರೆ.